ಅಂಬಾಸಿಡರ್: ಸೆಲ್ಫ್ ಹೊಡೆಯುತ್ತದೆ, ಸ್ಟಾರ್ಟ್ ಮಾತ್ರ ಆಗುವುದಿಲ್ಲ

ಅಂಬಿ_ಕೊಪ್ಪ · ಭಾನುವಾರ, ಬೆಳಿಗ್ಗೆ 9:40

ಎಲ್ಲರಿಗೂ ನಮಸ್ಕಾರ. ಗಾಡಿ ಅಪ್ಪನದು. 1986ರ ಅಂಬಾಸಿಡರ್ ಮಾರ್ಕ್ 4, ಪೆಟ್ರೋಲ್, 1489 ಸಿಸಿ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಕೊಟ್ಟಿಗೆ ಪಕ್ಕದ ಶೆಡ್‌ನಲ್ಲಿ ನಿಲ್ಲಿಸಿದ್ದು. ಆಯುಧಪೂಜೆಗೆ ತೊಳೆಯೋಣ ಅಂತ ಹೊರಗೆ ತೆಗೆಯಲು ಹೋದರೆ ಸ್ಟಾರ್ಟ್ ಆಗಲಿಲ್ಲ. ಕೊನೆಗೆ ನಾಲ್ಕು ಜನ ಸೇರಿ ತಳ್ಳಿಕೊಂಡು ಬಂದು ಪೂಜೆ ಮಾಡಿದೆವು. ಚಕ್ರದ ಕೆಳಗಿನ ನಿಂಬೆಹಣ್ಣನ್ನೂ ತಳ್ಳಿಯೇ ಒಡೆದೆವು. ಅಪ್ಪ ಆ ದಿನ ಯಾರ ಹತ್ತಿರವೂ ಸರಿಯಾಗಿ ಮಾತಾಡಲಿಲ್ಲ.

ಸೆಲ್ಫ್ ಚೆನ್ನಾಗಿ ಹೊಡೆಯುತ್ತದೆ. ಎಂಜಿನ್ ಜೋರಾಗಿ ತಿರುಗುತ್ತದೆ. ಆದರೆ ಒಂದು ಸಲವೂ 'ಟುಪ್' ಅನ್ನುವುದಿಲ್ಲ. ಪೆಟ್ರೋಲ್ ಬರುತ್ತಿದೆ, ಪ್ಲಗ್ ಬಿಚ್ಚಿದರೆ ನೆನೆದಿರುತ್ತದೆ, ವಾಸನೆಯೂ ಇದೆ.

ಇಲ್ಲಿಯವರೆಗೆ ಬದಲಾಯಿಸಿದ್ದು: ಬ್ಯಾಟರಿ, ನಾಲ್ಕು ಪ್ಲಗ್, ಇಗ್ನಿಷನ್ ಕಾಯಿಲ್. ಮೊನ್ನೆ ಪಾಯಿಂಟ್ (ಕಾಯಿಲ್‌ನ ಕರೆಂಟನ್ನು ಬಿಟ್ಟು ಹಿಡಿಯುವ ಪುಟ್ಟ ಸ್ವಿಚ್) ಮತ್ತು ಅದರ ಜೊತೆಯ ಕಂಡೆನ್ಸರ್ ಕೂಡ, ಅದನ್ನು ವಿಡಿಯೋ ನೋಡಿ ನಾನೇ ಹಾಕಿದೆ. ಒಂದು ವಿಷಯ ವಿಚಿತ್ರ. ಐದಾರು ನಿಮಿಷ ಪ್ರಯತ್ನ ಮಾಡಿದರೆ ಹೊಸ ಕಾಯಿಲ್ ಮುಟ್ಟಲು ಆಗದಷ್ಟು ಬಿಸಿಯಾಗುತ್ತದೆ.

ಇನ್ನೇನು ಬದಲಾಯಿಸಲಿ?

ಫಿಯೆಟ್ಟಣ್ಣ · ಭಾನುವಾರ, ಬೆಳಿಗ್ಗೆ 10:05

ಮಲೆನಾಡಿನಲ್ಲಿ ನಾಲ್ಕು ತಿಂಗಳು ನಿಂತ ಗಾಡಿ ಅಲ್ವಾ? ಪ್ಲಗ್‌ಗಳಿಗೆ ಸರದಿಯಲ್ಲಿ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್‌ನ ಕ್ಯಾಪ್ ಒಳಗೆ ಬೆವರಿರುತ್ತದೆ. ನಮ್ಮ ಮನೆಯಲ್ಲಿ ಪದ್ಮಿನಿ ಇದ್ದಾಗ ಆಷಾಢದಲ್ಲಿ ದಿನಾ ಇದೇ ಕತೆ. ಕ್ಯಾಪ್ ಬಿಚ್ಚಿ ತಂದು ಬಚ್ಚಲ ಒಲೆಯ ಹತ್ತಿರ ಇಡುತ್ತಿದ್ದೆವು. ಸ್ನಾನ ಮುಗಿಯುವಷ್ಟರಲ್ಲಿ ಅದೂ ಒಣಗಿರುತ್ತಿತ್ತು. ಒಂದು ಸಲ ಅಜ್ಜಿ ಅದನ್ನು ಏನೋ ಕಸ ಅಂತ ಒಲೆಗೇ ಹಾಕಿಬಿಟ್ಟಿದ್ದರು, ಅದು ಬೇರೆ ಕತೆ.

ರಾತ್ರಿ ಕತ್ತಲಲ್ಲಿ ಬಾನೆಟ್ ಎತ್ತಿ, ಒಬ್ಬರು ಸೆಲ್ಫ್ ಹೊಡೆಯಲಿ. ಪ್ಲಗ್ ವೈರ್‌ಗಳ ಮೇಲೆ ನೀಲಿ ಕಿಡಿ ಹರಿದಾಡಿದರೆ ಕರೆಂಟ್ ಸೋರುತ್ತಿದೆ ಅಂತ ಅರ್ಥ.

ಅಂಬಿ_ಕೊಪ್ಪ · ಭಾನುವಾರ, ಬೆಳಿಗ್ಗೆ 10:20

ಕ್ಯಾಪ್ ಒರೆಸಿ ಬಿಸಿಲಿಗೆ ಇಟ್ಟು ನೋಡಿದ್ದೇನೆ. ವ್ಯತ್ಯಾಸ ಇಲ್ಲ. ರಾತ್ರಿಯೂ ನೋಡಿದೆ. ಕಿಡಿ ಹರಿದಾಡುವುದಿರಲಿ, ಎಲ್ಲೂ ಏನೂ ಇಲ್ಲ, ಪೂರಾ ಕತ್ತಲು.

ಜೆಸಿರೋಡ್_ಜಾಣ · ಭಾನುವಾರ, ಬೆಳಿಗ್ಗೆ 11:02

ಕಾಯಿಲ್ ಡೂಪ್ಲಿಕೇಟ್. ಅಷ್ಟು ಬಿಸಿ ಆಗುತ್ತದೆ ಅಂದರೆ ಒಳಗೆ ಶಾರ್ಟ್. ಇನ್ನೊಂದು ತನ್ನಿ, ಒಳ್ಳೇ ಕಂಪನಿಯದು.

ಪಾನಾಪಕ್ಕಡ್ · ಭಾನುವಾರ, ಮಧ್ಯಾಹ್ನ 12:30

ಬೇಡ. ಇನ್ನು ಒಂದು ಸ್ಕ್ರೂ ಕೂಡ ಕೊಳ್ಳಬೇಡಿ.

ನೀವು ಸಾಮಾನು ಬದಲಾಯಿಸಿದ್ದೀರಿ, ಪರೀಕ್ಷೆ ಮಾಡಿಲ್ಲ. ಈಗ ಆಗಿರುವ ತೊಂದರೆ ಏನು ಗೊತ್ತಾ? ಆಯುಧಪೂಜೆ ದಿನ ಇದ್ದ ಫಾಲ್ಟೇ ಈಗಲೂ ಇದೆಯೋ, ಅಥವಾ ಅದು ಹೋಗಿ ನೀವು ಹಾಕಿದ ಸಾಮಾನಿನ ಜೊತೆ ಹೊಸದೊಂದು ಬಂದು ಕೂತಿದೆಯೋ ಹೇಳಲು ಬರುವುದಿಲ್ಲ. ನಾನು ಗ್ಯಾರೇಜ್‌ನಲ್ಲಿ ಇದ್ದಾಗ ನನಗೆ ಜಾಸ್ತಿ ತಲೆ ತಿಂದ ಗಾಡಿಗಳೆಲ್ಲ ಇಂಥವೇ. ಯಾರೋ ಅರ್ಧ ರಿಪೇರಿ ಮಾಡಿ ತಂದವು.

ಮೊದಲನೇ ಪರೀಕ್ಷೆ. ಕಾಯಿಲ್‌ನಿಂದ ಡಿಸ್ಟ್ರಿಬ್ಯೂಟರ್ ಕ್ಯಾಪ್‌ನ ನಡುವಿಗೆ ಬರುವ ದಪ್ಪ ವೈರ್ ಇದೆಯಲ್ಲ, ಅದನ್ನು ಕ್ಯಾಪ್ ಕಡೆಯಿಂದ ಕೀಳಿ. ಬಟ್ಟೆ ಒಣಗಿಸುವ ಒಣಗಿದ ಮರದ ಕ್ಲಿಪ್‌ನಲ್ಲಿ ಹಿಡಿದು ತುದಿಯನ್ನು ಎಂಜಿನ್ ಬ್ಲಾಕ್‌ನಿಂದ ಐದಾರು ಮಿಲಿಮೀಟರ್ ದೂರ ಇಡಿ. ಬರಿಗೈಯಲ್ಲಿ ಹಿಡಿಯಬೇಡಿ. ಗೇರ್ ನ್ಯೂಟ್ರಲ್‌ನಲ್ಲಿ ಇರಲಿ. ಇನ್ನೊಬ್ಬರು ಸೆಲ್ಫ್ ಹೊಡೆಯಲಿ. ದಪ್ಪ ನೀಲಿ ಕಿಡಿ 'ಚಟ್ ಚಟ್' ಅಂತ ಬರಬೇಕು.

ಪ್ಲಗ್ ನೆನೆದಿದೆ ಅಂದಿರಿ. ಅಂದರೆ ಸುತ್ತ ಪೆಟ್ರೋಲ್ ಆವಿ ಇರುತ್ತದೆ. ಪ್ಲಗ್‌ಗಳನ್ನು ವಾಪಸ್ ಹಾಕಿಟ್ಟೇ ಇದನ್ನು ಮಾಡಿ. ಅಂಬಾಸಿಡರ್‌ನಲ್ಲಿ ಕಾರ್ಬ್ಯುರೇಟರ್ ಎಡಕ್ಕೆ, ಡಿಸ್ಟ್ರಿಬ್ಯೂಟರ್ ಬಲಕ್ಕೆ, ಅದೊಂದು ಪುಣ್ಯ. ಕಿಡಿಯನ್ನು ಬಲಗಡೆಯೇ ಹಾರಿಸಿ.

ಅಂಬಿ_ಕೊಪ್ಪ · ಭಾನುವಾರ, ಮಧ್ಯಾಹ್ನ 2:15

ಮಾಡಿದೆ. ಕಿಡಿ ಇಲ್ಲವೇ ಇಲ್ಲ. ಹತ್ತಿರ ತಂದರೂ ಇಲ್ಲ.

ಜೆಸಿರೋಡ್_ಜಾಣ · ಭಾನುವಾರ, ಮಧ್ಯಾಹ್ನ 2:18

ಹೇಳಿದೆನಲ್ಲ, ಕಾಯಿಲ್.

ಪಾನಾಪಕ್ಕಡ್ · ಭಾನುವಾರ, ಸಂಜೆ 4:00

ಇರಿ ಸ್ವಾಮಿ, ಅವಸರ ಬೇಡ. ಕಿಡಿ ಇಲ್ಲ ಅಂದರೆ ಕಾಯಿಲ್ ಸತ್ತಿದೆ ಅಂತಲೇ ಅಲ್ಲ. ಅದಕ್ಕೆ ಕೆಲಸ ಕೊಡುವವರು ಕೆಲಸ ಕೊಡುತ್ತಿಲ್ಲ ಅಂತಲೂ ಇರಬಹುದು.

ಕಾಯಿಲ್ ಒಳಗೆ ಎರಡು ಸುತ್ತು. ಬ್ಯಾಟರಿಯ 12 ವೋಲ್ಟ್ ಒಂದು ಸುತ್ತಿನ ಮೂಲಕ ಹೋಗಿ ಪಾಯಿಂಟ್ ದಾಟಿ ಅರ್ಥ್, ಅಂದರೆ ಗಾಡಿಯ ಕಬ್ಬಿಣದ ಮೈ, ಸೇರುತ್ತದೆ. ಪಾಯಿಂಟ್ ತೆರೆದ ಕ್ಷಣ ಆ ಹರಿವು ಪಟ್ ಅಂತ ನಿಲ್ಲುತ್ತದೆ. ಆಗ ಇನ್ನೊಂದು ಸುತ್ತಿನಲ್ಲಿ ಸಾವಿರಾರು ವೋಲ್ಟ್ ಹುಟ್ಟಿ ಪ್ಲಗ್‌ಗೆ ಹಾರುತ್ತದೆ. ಪಾಯಿಂಟ್ ಮುಚ್ಚಬೇಕು, ತೆರೆಯಬೇಕು. ಎರಡರಲ್ಲಿ ಒಂದು ತಪ್ಪಿದರೂ ಕಿಡಿ ಇಲ್ಲ.

ಇದನ್ನು ನೋಡಲು ಮೀಟರ್ ಬೇಡ. ಪಾರ್ಕಿಂಗ್ ಲೈಟ್‌ನ 5 ವ್ಯಾಟ್ ಬಲ್ಬ್ ತೆಗೆದುಕೊಳ್ಳಿ, ಎರಡು ವೈರ್ ಕಟ್ಟಿ. ಒಂದು ತುದಿ ಎಂಜಿನ್‌ನ ಕಬ್ಬಿಣಕ್ಕೆ. ಕೀ ಆನ್ ಮಾಡಿ ಇನ್ನೊಂದು ತುದಿಯನ್ನು ಮೊದಲು ಕಾಯಿಲ್‌ನಲ್ಲಿ ಸ್ವಿಚ್ ಕಡೆಯ ಕಂಬಕ್ಕೆ ಮುಟ್ಟಿಸಿ. ಹಳೇ ಲ್ಯೂಕಸ್ ಕಾಯಿಲ್‌ನಲ್ಲಿ ಅಲ್ಲಿ ಎಸ್‌ಡಬ್ಲ್ಯೂ ಅಂತ ಇರುತ್ತದೆ, ಹೊಸದರಲ್ಲಿ ಪ್ಲಸ್ ಗುರುತು. ಬಲ್ಬ್ ಹತ್ತಬೇಕು. ಹತ್ತಲಿಲ್ಲ ಅಂದರೆ ಇಗ್ನಿಷನ್ ಸ್ವಿಚ್ ಅಥವಾ ವೈರ್ ನೋಡಬೇಕು, ಮುಂದಿನದು ಓದುವುದೇ ಬೇಡ.

ಆಮೇಲೆ ಇನ್ನೊಂದು ಕಂಬ, ಡಿಸ್ಟ್ರಿಬ್ಯೂಟರ್‌ಗೆ ಹೋಗುವ ಕಡೆ. ಅಲ್ಲಿ ಸಿಬಿ ಅಂತ ಅಥವಾ ಮೈನಸ್ ಇರುತ್ತದೆ. ಬಲ್ಬ್ ಅಲ್ಲಿ ಇಟ್ಟುಕೊಂಡು ಸೆಲ್ಫ್ ಹೊಡೆಸಿ.

ಬಲ್ಬ್ ಮಿಣುಕಿದರೆ ಪಾಯಿಂಟ್ ಸರಿ ಇದೆ, ಕಾಯಿಲ್ ಅಥವಾ ಕಂಡೆನ್ಸರ್ ಮೇಲೆ ಅನುಮಾನ ಪಡಬಹುದು.

ಹತ್ತಿದ್ದು ಹತ್ತೇ ಇದ್ದರೆ ಪಾಯಿಂಟ್ ಮುಚ್ಚುತ್ತಿಲ್ಲ. ಅಥವಾ ಮುಚ್ಚಿದರೂ ಮುಖದ ಮೇಲೆ ಕಿಲುಬು ಕೂತು ಕರೆಂಟ್ ದಾಟುತ್ತಿಲ್ಲ.

ಹತ್ತುವುದೇ ಇಲ್ಲ ಅಂದರೆ ಪಾಯಿಂಟ್ ತೆರೆಯುತ್ತಿಲ್ಲ, ಅಥವಾ ಒಳಗೆ ಎಲ್ಲೋ ನೇರ ಅರ್ಥ್ ಆಗಿದೆ.

ಯಾವುದು ಅಂತ ಹೇಳಿ. ಮತ್ತೆ, ಎಂಜಿನ್ ಓಡದಿರುವಾಗ ಸುಮ್ನೆ ಕೀ ಆನ್ ಇಟ್ಟು ಬಿಡಬೇಡಿ. ಕಾಯಿಲ್ ಬೇಯುತ್ತದೆ.

ಅಂಬಿ_ಕೊಪ್ಪ · ಭಾನುವಾರ, ಸಂಜೆ 5:45

ಸ್ವಿಚ್ ಕಡೆ: ಚೆನ್ನಾಗಿ ಹತ್ತಿತು.
ಡಿಸ್ಟ್ರಿಬ್ಯೂಟರ್ ಕಡೆ: ಹತ್ತಲೇ ಇಲ್ಲ. ಎಷ್ಟು ತಿರುಗಿಸಿದರೂ ಕತ್ತಲೆ.

ಪಾನಾಪಕ್ಕಡ್ · ಭಾನುವಾರ, ಸಂಜೆ 5:52

ಭೇಷ್. ಈಗ ಆ ಸಿಬಿ ಕಂಬದಿಂದ ಡಿಸ್ಟ್ರಿಬ್ಯೂಟರ್‌ಗೆ ಹೋಗುವ ತೆಳ್ಳನೆ ವೈರನ್ನು ಡಿಸ್ಟ್ರಿಬ್ಯೂಟರ್ ಪಕ್ಕದಲ್ಲಿ ಬಿಚ್ಚಿ. ಅದು ಎಲ್ಲಿಗೂ ತಾಗದಿರಲಿ. ಬಲ್ಬ್ ಅದೇ ಜಾಗದಲ್ಲಿ ಇರಲಿ. ಕೀ ಆನ್ ಮಾಡಿ.

ಅಂಬಿ_ಕೊಪ್ಪ · ಭಾನುವಾರ, ಸಂಜೆ 6:04

ಹತ್ತಿತು!!

ಪಾನಾಪಕ್ಕಡ್ · ಭಾನುವಾರ, ಸಂಜೆ 6:10

ಹಾಗಾದರೆ ಕಾಯಿಲ್ ಮೊದಲ ಸುತ್ತು ಸರಿ, ವೈರ್ ಸರಿ. ಶಾರ್ಟ್ ಇರುವುದು ಡಿಸ್ಟ್ರಿಬ್ಯೂಟರ್ ಒಳಗೆ. ಕಾಯಿಲ್ ಬಿಸಿ ಆಗಲು ಕಾರಣವೂ ಸಿಕ್ಕಿತು. ಅದು ಒಂದೇ ಸಮನೆ ಅರ್ಥ್‌ಗೆ ಕರೆಂಟ್ ಕುಡಿಸುತ್ತಾ ಕೂತಿದೆ.

ನೀವೇ ಪಾಯಿಂಟ್ ಹಾಕಿದೆ ಅಂದಿರಲ್ಲ. ಕ್ಯಾಪ್ ತೆಗೆದು, ಅದರ ಕೆಳಗೆ ತಿರುಗುತ್ತಾ ಕರೆಂಟ್ ಹಂಚುವ ರೋಟರ್ ತೆಗೆದು, ಪಾಯಿಂಟ್‌ನ ಸ್ಪ್ರಿಂಗ್ ಕೂರುವ ಗೂಟದ ಫೋಟೋ ಹತ್ತಿರದಿಂದ ತೆಗೆದು ಹಾಕಿ.

ಅಂಬಿ_ಕೊಪ್ಪ · ಭಾನುವಾರ, ಸಂಜೆ 6:40

ಫೋಟೋ ಹಾಕಿದ್ದೇನೆ. ಟಾರ್ಚ್ ಬೆಳಕು, ಸ್ವಲ್ಪ ಮಸುಕು.

ಪಾನಾಪಕ್ಕಡ್ · ಭಾನುವಾರ, ರಾತ್ರಿ 7:15

ಸಿಕ್ಕಿತು ಕಳ್ಳ.

ಆ ಗೂಟ ಬೇಸ್ ಪ್ಲೇಟ್‌ಗೆ ಕೂತಿದೆ, ಅಂದರೆ ಗೂಟವೇ ಅರ್ಥ್. ಸ್ಪ್ರಿಂಗ್ ಅದಕ್ಕೆ ತಾಗಬಾರದು. ಅದಕ್ಕೇ ಕೆಳಗೆ ಒಂದು ಫೈಬರ್ ವಾಷರ್, ಮೇಲಿನಿಂದ ಒಂದು ಪುಟ್ಟ ಪ್ಲಾಸ್ಟಿಕ್ ಟೋಪಿ ಕೊಡುತ್ತಾರೆ. ಒಳಗಿನ ಎರಡು ವೈರ್‌ಗಳ ಕಣ್ಣು, ಅಂದರೆ ಕಂಡೆನ್ಸರ್‌ದು ಒಂದು, ಹೊರಗಿನ ಟರ್ಮಿನಲ್‌ದು ಒಂದು, ಎರಡೂ ಆ ಟೋಪಿಯ ಕತ್ತಿನ ಸುತ್ತ ಕೂತು ಸ್ಪ್ರಿಂಗ್‌ಗೆ ಒತ್ತಿಕೊಳ್ಳಬೇಕು. ಟೋಪಿಯ ಅಂಚು ಅವುಗಳ ಮೇಲೆ. ನಟ್ ಎಲ್ಲಕ್ಕಿಂತ ಮೇಲೆ.

ನೀವು ಟೋಪಿಯನ್ನು ಮೊದಲು ಹಾಕಿ, ವೈರ್‌ಗಳನ್ನು ಅದರ ಮೇಲಿಟ್ಟು ನಟ್ ಬಿಗಿದಿದ್ದೀರಿ. ಎರಡೂ ಕಣ್ಣು ನಟ್‌ಗೂ ಗೂಟಕ್ಕೂ ತಾಗಿವೆ. ಪಾಯಿಂಟ್ ಪಾಪ ತೆರೆದು ಮುಚ್ಚಿ ಮಾಡುತ್ತಲೇ ಇದೆ, ಕೇಳುವವರಿಲ್ಲ.

ನಾಚಿಕೆ ಬೇಡ. ಇದನ್ನು ಮಾಡದ ಮೆಕ್ಯಾನಿಕ್ ಇಲ್ಲ. ನಾನು ಮಾಡಿದಾಗ ಮೇಸ್ತ್ರಿ ತಲೆಗೆ ಮೊಟಕಿದ್ದು ಇವತ್ತಿಗೂ ನೆನಪಿದೆ.

ಸರಿ ಮಾಡಿದ ಮೇಲೆ ಗ್ಯಾಪ್ ನೋಡಿ. ನಾಲ್ಕನೇ ಗೇರ್ ಹಾಕಿ ಗಾಡಿಯನ್ನು ನಿಧಾನ ತಳ್ಳಿಸಿ. ನಡುವಿನ ಕ್ಯಾಮ್‌ನ ಮೂಲೆ ಪಾಯಿಂಟ್‌ನ ಹಿಮ್ಮಡಿಗೆ ಬಂದು ಅದು ಪೂರ್ತಿ ತೆರೆದಾಗ ನಿಲ್ಲಿಸಿ. ಸಂದಿ ಅಳೆಯುವ ಫೀಲರ್ ಗೇಜ್‌ನ 15 ಸಾವಿರಾಂಶ ಇಂಚಿನ ಎಲೆ, ಅಂದರೆ ಸುಮಾರು 0.38 ಮಿಲಿಮೀಟರ್, ಮೆತ್ತಗೆ ಉಜ್ಜಿಕೊಂಡು ಹೋಗಬೇಕು. ಕ್ಯಾಮ್‌ಗೆ ಚೂರೇ ಚೂರು ಗ್ರೀಸ್. ಜಾಸ್ತಿ ಹಾಕಿದರೆ ಪಾಯಿಂಟ್ ಮೇಲೆ ಎರಚುತ್ತದೆ.

ಸುಮ್ನೆ_ಓದುಗ · ಭಾನುವಾರ, ರಾತ್ರಿ 8:30

ಮಧ್ಯದಲ್ಲಿ ಬಾಯಿ ಹಾಕುತ್ತಿದ್ದೇನೆ. ನನ್ನದು ಮಾರುತಿ 800, ಕಾರ್ಬ್ಯುರೇಟರ್ ಮಾಡೆಲ್. ಓಡುತ್ತಾ ಓಡುತ್ತಾ ನಿಂತುಹೋಯಿತು. ಸೆಲ್ಫ್ ಹೊಡೆದರೆ ಮೊದಲಿಗಿಂತ ಹಗುರವಾಗಿ ತಿರುಗುತ್ತದೆ. ಇದೇ ಬಲ್ಬ್ ಪರೀಕ್ಷೆ ಮಾಡಲಾ?

ಪಾನಾಪಕ್ಕಡ್ · ಭಾನುವಾರ, ರಾತ್ರಿ 8:41

ಬಲ್ಬ್ ಆಮೇಲೆ. ಮೊದಲು ಕ್ಯಾಪ್ ತೆಗೆದು ಸೆಲ್ಫ್ ಹೊಡೆಸಿ, ರೋಟರ್ ತಿರುಗುತ್ತದಾ ನೋಡಿ. 800ರಲ್ಲಿ ಡಿಸ್ಟ್ರಿಬ್ಯೂಟರ್ ತಿರುಗುವುದು ಕ್ಯಾಮ್ ಶಾಫ್ಟ್‌ನಿಂದ. ರೋಟರ್ ನಿಂತಿದ್ದರೆ ಟೈಮಿಂಗ್ ಬೆಲ್ಟ್ ಹೋಗಿದೆ. ಹಾಗಿದ್ದರೆ ಮತ್ತೆ ಸೆಲ್ಫ್ ಹೊಡೆಯಬೇಡಿ. ಅದಕ್ಕೆ ಬೇರೆ ಚರ್ಚೆ ಶುರು ಮಾಡಿ, ಇಲ್ಲಿ ಎರಡೂ ಸೇರಿದರೆ ಗೋಜಲಾಗುತ್ತದೆ.

ಅಂಬಿ_ಕೊಪ್ಪ · ಸೋಮವಾರ, ಬೆಳಿಗ್ಗೆ 8:10

ಸ್ಟಾರ್ಟ್ ಆಯಿತು!

ರಾತ್ರಿಯೇ ಟೋಪಿ ಸರಿ ಮಾಡಿದ್ದೆ. ಬೆಳಿಗ್ಗೆ ಬಲ್ಬ್ ಇಟ್ಟು ನೋಡಿದರೆ ದೀಪಾವಳಿ ಸರದ ಹಾಗೆ ಮಿಣುಕಿತು. ಚೋಕ್ ಎಳೆದು ಸೆಲ್ಫ್ ಹೊಡೆದೆ. ಮೂರನೇ ಸಲಕ್ಕೆ ಒಮ್ಮೆ ಕೆಮ್ಮಿ, ಹಿಂದಿನಿಂದ ಬಿಳಿ ಹೊಗೆ ಬಿಟ್ಟು ಹಿಡಿದುಕೊಂಡಿತು. ಅಪ್ಪ ಹಲ್ಲುಜ್ಜುತ್ತಿದ್ದವರು ಬ್ರಷ್ ಬಾಯಲ್ಲೇ ಇಟ್ಟುಕೊಂಡು ಅಂಗಳಕ್ಕೆ ಬಂದರು. ಏನೂ ಹೇಳಲಿಲ್ಲ. ಬಾನೆಟ್ ಮೇಲೆ ಕೈ ಇಟ್ಟುಕೊಂಡು ಸ್ವಲ್ಪ ಹೊತ್ತು ನಿಂತಿದ್ದರು.

ಪಾನಾ ಸರ್, ನಿಮಗೆ ಎಷ್ಟು ಹೇಳಿದರೂ ಸಾಲದು.

ಪಾನಾಪಕ್ಕಡ್ · ಸೋಮವಾರ, ಬೆಳಿಗ್ಗೆ 9:00

ಸಂತೋಷ. ಬಿಚ್ಚಿದ ಹಳೇ ಪಾಯಿಂಟ್ ಎಸೆದಿಲ್ಲ ತಾನೇ? ಅದರ ಎರಡು ಮುಖ ನೋಡಿ ಹೇಳಿ.

ಅಂಬಿ_ಕೊಪ್ಪ · ಸೋಮವಾರ, ಬೆಳಿಗ್ಗೆ 9:25

ಇದೆ. ಸವೆದಿಲ್ಲ, ಗುಂಡಿ ಬಿದ್ದಿಲ್ಲ. ಬೂದಿ ಬಳಿದ ಹಾಗೆ ಮಂಕಾಗಿದೆ ಅಷ್ಟೇ. ಉಗುರಿನಲ್ಲಿ ಕೆರೆದರೆ ಹೊಳೆಯುತ್ತದೆ.

ಪಾನಾಪಕ್ಕಡ್ · ಸೋಮವಾರ, ಬೆಳಿಗ್ಗೆ 9:31

ಅದೇ ಆಯುಧಪೂಜೆ ದಿನದ ಫಾಲ್ಟ್. ನಾಲ್ಕು ತಿಂಗಳ ತೇವಕ್ಕೆ ಮುಖ ಕಿಲುಬು ಹಿಡಿದಿದೆ. ಆ ದಿನ ಬಲ್ಬ್ ಇಟ್ಟಿದ್ದರೆ ಹತ್ತಿದ್ದು ಹತ್ತೇ ಇರುತ್ತಿತ್ತು. ನಯವಾದ ಉಪ್ಪುಕಾಗದದ ಒಂದು ಚೂರು ಮಡಿಸಿ ಎರಡು ಸಲ ಎಳೆದಿದ್ದರೆ ಮುಗಿಯುತ್ತಿತ್ತು. ಹಳೇದನ್ನು ಒರೆಸಿ ಡ್ಯಾಶ್‌ಬೋರ್ಡ್‌ನಲ್ಲಿ ಇಟ್ಟುಕೊಳ್ಳಿ, ದಾರಿಗೆ ಆಗುತ್ತದೆ. ಹಳೇ ಪ್ಲಗ್, ಹಳೇ ಕಾಯಿಲ್ ಕೂಡ ಎಸೆಯಬೇಡಿ.

ಓಮ್_ಶಾಂತಿ · ಸೋಮವಾರ, ಬೆಳಿಗ್ಗೆ 10:15

ಇಷ್ಟೆಲ್ಲ ಕಷ್ಟ ಯಾಕೆ? ಪಾಯಿಂಟ್ ಕಿತ್ತು ಎಲೆಕ್ಟ್ರಾನಿಕ್ ಇಗ್ನಿಷನ್ ಕಿಟ್ ಹಾಕಿ. ನಾನು ಹಾಕಿಸಿ ಆರು ವರ್ಷ ಆಯಿತು, ಕ್ಯಾಪ್ ತೆಗೆದೇ ಇಲ್ಲ. ಲೆಕ್ಕ ಹಾಕಿ ನೋಡಿ. ನಾಲ್ಕು ಸಿಲಿಂಡರ್ ಎಂಜಿನ್ 3000 ಆರ್‌ಪಿಎಂನಲ್ಲಿ ಓಡುವಾಗ ಪಾಯಿಂಟ್ ಸೆಕೆಂಡಿಗೆ 100 ಸಲ ತೆರೆದು ಮುಚ್ಚಬೇಕು. ಸವೆಯದೆ ಇನ್ನೇನಾಗುತ್ತದೆ?

ಪಾನಾಪಕ್ಕಡ್ · ಸೋಮವಾರ, ಬೆಳಿಗ್ಗೆ 10:40

ಲೆಕ್ಕ ಸರಿ. ಆದರೆ ಪಾಯಿಂಟ್ ಸಾಯುವ ಮೊದಲು ಒಂದು ತಿಂಗಳು ನರಳಿ ಹೇಳುತ್ತದೆ. ಕಿಟ್ ಹೇಳದೆ ಕೇಳದೆ ಹೋಗುತ್ತದೆ. ಕುದುರೆಮುಖದ ತಿರುವಿನಲ್ಲಿ ಹೋದರೆ ಉಪ್ಪುಕಾಗದದಿಂದ ಏನು ಮಾಡುತ್ತೀರಿ?

ಓಮ್_ಶಾಂತಿ · ಸೋಮವಾರ, ಬೆಳಿಗ್ಗೆ 10:44

ಅದಕ್ಕೇ ಡಿಕ್ಕಿಯಲ್ಲಿ ಹಳೇ ಬೇಸ್ ಪ್ಲೇಟ್ ಪಾಯಿಂಟ್ ಸಮೇತ ಇಟ್ಟುಕೊಂಡಿದ್ದೇನೆ :) ಹತ್ತು ನಿಮಿಷದ ಕೆಲಸ.

ಪಾನಾಪಕ್ಕಡ್ · ಸೋಮವಾರ, ಬೆಳಿಗ್ಗೆ 10:50

ಅಂದರೆ ನಿಮಗೂ ಪೂರ್ತಿ ನಂಬಿಕೆ ಇಲ್ಲ ಅಂತಾಯಿತು.

ಬರ್ಮಿಂಗ್‌ಹ್ಯಾಮ್_ಮಾವ · ಸೋಮವಾರ, ಮಧ್ಯಾಹ್ನ 3:20

ಅಂಬಿಯವರೇ, ನಿಮ್ಮ ಎಂಜಿನ್ ಹುಟ್ಟಿದ್ದು ನಾನಿರುವ ಊರಿನ ಕಡೆಯೇ. ಬಿಎಂಸಿ, ಅಂದರೆ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್‌ನ ಬಿ ಸೀರೀಸ್. ಇಲ್ಲಿ ಎಂಜಿಎ 1500 ಕಾರು ಇಟ್ಟುಕೊಂಡವರದೂ ಅದೇ 1489 ಸಿಸಿ. ಅದಕ್ಕೇ ಡಿಸ್ಟ್ರಿಬ್ಯೂಟರ್ ಸಾಮಾನು ಇವತ್ತಿಗೂ ಸಿಗುತ್ತದೆ. ನಮ್ಮ ಕ್ಲಬ್‌ನಲ್ಲಿ ಎಲ್ಲರೂ ಬೈಯುವುದು ಪಾಯಿಂಟನ್ನಲ್ಲ, ಅಗ್ಗದ ರೋಟರನ್ನು. ಹಿತ್ತಾಳೆ ಪಟ್ಟಿಯನ್ನು ರಿವೆಟ್ ಹೊಡೆದು ಕೂರಿಸಿರುತ್ತಾರೆ. ಆ ರಿವೆಟ್ ಮೂಲಕ ಕರೆಂಟ್ ಕೆಳಗಿನ ಶಾಫ್ಟ್‌ಗೆ ಹಾರುತ್ತದೆ. ರಿವೆಟ್ ಇಲ್ಲದ ಕೆಂಪು ರೋಟರ್ ಬಂದ ಮೇಲೆ ಸ್ವಲ್ಪ ನೆಮ್ಮದಿ.

ಪರೀಕ್ಷೆ ಸುಲಭ. ಕಾಯಿಲ್‌ನ ದಪ್ಪ ವೈರ್ ತುದಿಯನ್ನು ರೋಟರ್‌ನ ಹಿತ್ತಾಳೆಗೆ ಹತ್ತಿರ ಹಿಡಿದು ಸೆಲ್ಫ್ ಹೊಡೆಸಿ. ಕಿಡಿ ಹಾರಿದರೆ ರೋಟರ್ ಸೋರುತ್ತಿದೆ. ಒಳ್ಳೇ ರೋಟರ್ ಆದರೆ ಹಾರಲು ದಾರಿಯೇ ಇರುವುದಿಲ್ಲ.

ಅಂಬಿ_ಕೊಪ್ಪ · ಬುಧವಾರ, ಸಂಜೆ 6:30

ಮತ್ತೆ ಬಂದೆ.

ಇವತ್ತು ಅಪ್ಪನನ್ನು ಕೂರಿಸಿಕೊಂಡು ಶೃಂಗೇರಿಗೆ ಹೊರಟೆವು. ಅರ್ಧ ಗಂಟೆ ಬೆಣ್ಣೆಯ ಹಾಗೆ ಓಡಿತು. ಒಂದು ಏರಿನಲ್ಲಿ ಎರಡು ಸಲ ಜಗ್ಗಿ ನಿಂತುಹೋಯಿತು. ಸೆಲ್ಫ್ ಹೊಡೆಯುತ್ತದೆ, ಸ್ಟಾರ್ಟ್ ಇಲ್ಲ. ಅಪ್ಪ ಅಲ್ಲೇ ಒಂದು ಅಡಿಕೆ ತೋಟದ ಗೇಟಿನ ಹತ್ತಿರ ಕೂತು ಎರಡು ಎಲೆ ಹಾಕಿದರು. ಮುಕ್ಕಾಲು ಗಂಟೆ ಬಿಟ್ಟು ನೋಡಿದರೆ ಏನೂ ಆಗಿಲ್ಲ ಅನ್ನುವ ಹಾಗೆ ಸ್ಟಾರ್ಟ್ ಆಯಿತು. ಶೃಂಗೇರಿ ಬಿಟ್ಟು ಮನೆಗೆ ತಿರುಗಿಸಿದೆವು.

ಫಿಯೆಟ್ಟಣ್ಣ · ಬುಧವಾರ, ಸಂಜೆ 6:48

ಏರು, ಬಿಸಿ, ತಣ್ಣಗಾದ ಮೇಲೆ ಸರಿ. ವೇಪರ್ ಲಾಕ್, ಅಂದರೆ ಬಿಸಿಗೆ ಪೆಟ್ರೋಲ್ ದಾರಿಯಲ್ಲೇ ಆವಿಯಾಗಿ ಎಂಜಿನ್‌ಗೆ ಬರುವುದಿಲ್ಲ. ಪೆಟ್ರೋಲ್ ಪಂಪ್ ಮೇಲೆ ಒದ್ದೆ ಬಟ್ಟೆ ಹಾಕಿ.

ಓಮ್_ಶಾಂತಿ · ಬುಧವಾರ, ಸಂಜೆ 7:05

ನನ್ನ ಅನುಮಾನ ಹೊಸ ಕಂಡೆನ್ಸರ್. ಬಿಸಿಯಾದಾಗ ಕೈಕೊಡುವ ಕಂಡೆನ್ಸರ್ ಎಷ್ಟೋ ನೋಡಿದ್ದೇನೆ.

ಪಾನಾಪಕ್ಕಡ್ · ಬುಧವಾರ, ರಾತ್ರಿ 7:40

ಮೂರೂ ಆಗಬಹುದು. ಮೂರನೆಯದು ಕಾಯಿಲ್. ನಿಂತ ಕ್ಷಣದಲ್ಲೇ ಕಿಡಿ ನೋಡಬೇಕಿತ್ತು. ಕಿಡಿ ದಪ್ಪಗೆ ನೀಲಿ ಇದ್ದರೆ ಫಿಯೆಟ್ಟಣ್ಣ ಗೆದ್ದರು. ಹಳದಿ, ಸಣಕಲು ಇದ್ದರೆ ನಾವು.

ಒಂದು ಪ್ರಶ್ನೆ. ನಿಂತಾಗ ಕಾಯಿಲ್ ಮುಟ್ಟಿ ನೋಡಿದ್ರಾ?

ಅಂಬಿ_ಕೊಪ್ಪ · ಬುಧವಾರ, ರಾತ್ರಿ 7:52

ಮುಟ್ಟಿದೆ. ಕೈ ಹಿಂದಕ್ಕೆ ಎಳೆದುಕೊಂಡೆ, ಮೊದಲಿನ ಹಾಗೇ.

ಪಾನಾಪಕ್ಕಡ್ · ಬುಧವಾರ, ರಾತ್ರಿ 8:20

ಹಾಗಾದರೆ ನನ್ನದೂ ತಪ್ಪಿದೆ. ಆ ದಿನ ಬಿಸಿಗೆ ಕಾರಣ ಬರೀ ಶಾರ್ಟ್ ಅಂದುಕೊಂಡು ಕಾಯಿಲನ್ನು ಮರೆತುಬಿಟ್ಟೆ. ಕೆಲಸ ಮಾಡುವ ಕಾಯಿಲ್ ಬೆಚ್ಚಗಾಗುವುದು ಸಹಜ, ಸುಡುವುದು ಸಹಜ ಅಲ್ಲ.

ಮಲ್ಟಿಮೀಟರ್ ಯಾರ ಹತ್ತಿರವಾದರೂ ಇಸ್ಕೊಳ್ಳಿ. ಮೊದಲು ಅದರ ಎರಡು ಮುಳ್ಳು ಒಂದಕ್ಕೊಂದು ಮುಟ್ಟಿಸಿ ಎಷ್ಟು ತೋರಿಸುತ್ತದೆ ನೋಡಿ, ಅದನ್ನು ಕಳೆಯಬೇಕು. ಆಮೇಲೆ ಕಾಯಿಲ್‌ನ ಎರಡೂ ಸಣ್ಣ ವೈರ್ ಬಿಚ್ಚಿ, ಎರಡು ಸಣ್ಣ ಕಂಬಗಳ ನಡುವೆ ಎಷ್ಟು ಓಮ್ ಇದೆ ನೋಡಿ. ಹಳೇ ಕಾಯಿಲ್‌ದೂ ನೋಡಿ.

ಅಂಬಿ_ಕೊಪ್ಪ · ಗುರುವಾರ, ಬೆಳಿಗ್ಗೆ 11:10

ಪಕ್ಕದ ಮನೆಯ ಎಲೆಕ್ಟ್ರಿಷಿಯನ್ ಹುಡುಗ ಬಂದು ಅಳೆದ. ಹೊಸ ಕಾಯಿಲ್ 1.6. ಹಳೇದು 3.2.

ಪಾನಾಪಕ್ಕಡ್ · ಗುರುವಾರ, ಬೆಳಿಗ್ಗೆ 11:30

ಅಲ್ಲೇ ಇದೆ ನೋಡಿ. ಹೊಸದು ಕೆಟ್ಟಿಲ್ಲ, ಡೂಪ್ಲಿಕೇಟ್ ಅಂತಲೂ ನಾನು ಹೇಳುವುದಿಲ್ಲ. ಅದು ಬೇರೆ ಜಾತಿಯದು. ಕೆಲವು ಗಾಡಿಗಳಲ್ಲಿ ಕಾಯಿಲ್‌ಗೆ ಮೊದಲು ದಾರಿಯಲ್ಲಿ ಒಂದು ಬ್ಯಾಲಸ್ಟ್ ರೆಸಿಸ್ಟರ್ ಇರುತ್ತದೆ. ಅದು ಅರ್ಧ ಭಾರ ಹೊರುತ್ತದೆ, ಅಂಥ ಗಾಡಿಗೆ ಒಂದೂವರೆ ಓಮ್‌ನ ಕಾಯಿಲ್. ನಿಮ್ಮ ಗಾಡಿಯಲ್ಲಿ ಕಾಯಿಲ್‌ಗೆ ನೇರ 12 ವೋಲ್ಟ್ ಬರುತ್ತದೆ. ಬಲ್ಬ್ ಆ ದಿನ ಪೂರ್ತಿ ಹತ್ತಿತ್ತಲ್ಲ. ಇದಕ್ಕೆ ಮೂರು ಓಮ್‌ನದೇ ಬೇಕು.

ಭಾಗಿಸಿ ನೋಡಿ. 12ನ್ನು 3.2ರಿಂದ ಭಾಗಿಸಿದರೆ ನಾಲ್ಕು ಆಂಪಿಯರ್‌ಗೂ ಕಡಿಮೆ. 1.6ರಿಂದ ಭಾಗಿಸಿದರೆ ಏಳೂವರೆ. ಕಾಯಿಲ್ ಬೇಯುತ್ತದೆ, ಜೊತೆಗೆ ಆ ಪುಟ್ಟ ಪಾಯಿಂಟ್ ಮುಖವೂ ಸುಡುತ್ತದೆ. ಹೊಸ ಪಾಯಿಂಟ್ ಒಮ್ಮೆ ನೋಡಿ, ನೀಲಿಗಟ್ಟಿರಬೇಕು.

ಹಳೇ ಕಾಯಿಲ್ ಹಾಕಿ.

ಜೆಸಿರೋಡ್_ಜಾಣ · ಗುರುವಾರ, ಬೆಳಿಗ್ಗೆ 11:34

ನಾನು ಮೊದಲೇ ಕಾಯಿಲ್ ಅಂದಿದ್ದೆ.

ಪಾನಾಪಕ್ಕಡ್ · ಗುರುವಾರ, ಬೆಳಿಗ್ಗೆ 11:36

ನೀವು ಇನ್ನೊಂದು ಹೊಸದು ತನ್ನಿ ಅಂದಿದ್ದಿರಿ ಸ್ವಾಮಿ!

ಅಂಬಿ_ಕೊಪ್ಪ · ಭಾನುವಾರ, ಸಂಜೆ 7:00

ಪಾಯಿಂಟ್ ನಿಜಕ್ಕೂ ನೀಲಿಗಟ್ಟಿತ್ತು. ಹಳೇ ಪಾಯಿಂಟನ್ನೇ ಉಜ್ಜಿ ಹಾಕಿದೆ, ಈ ಸಲ ಟೋಪಿ ಸರಿಯಾಗಿ. ಹಳೇ ಕಾಯಿಲ್ ಹಾಕಿದೆ. ಇವತ್ತು ಶೃಂಗೇರಿಗೆ ಹೋಗಿ, ತುಂಗೆಯ ಮೀನಿಗೆ ಮಂಡಕ್ಕಿ ಹಾಕಿ, ವಾಪಸ್ ಬಂದೆವು. ಬಂದ ಮೇಲೆ ಕಾಯಿಲ್ ಮೇಲೆ ಅಂಗೈ ಇಟ್ಟೆ. ಆಗಷ್ಟೇ ಕರೆದ ಹಾಲಿನ ಚೊಂಬಿನಷ್ಟು ಬೆಚ್ಚಗಿತ್ತು.

ಲೆಕ್ಕ ಹಾಕಿದರೆ, ಕೊಂಡಿದ್ದರಲ್ಲಿ ಈಗ ಗಾಡಿಯಲ್ಲಿ ಉಳಿದಿರುವುದು ಬ್ಯಾಟರಿ, ಪ್ಲಗ್, ಕಂಡೆನ್ಸರ್ ಮಾತ್ರ. ಕಾಯಿಲ್ ವಾಪಸ್ ತೆಗೆದುಕೊಳ್ಳಲು ಅಂಗಡಿಯವರು ಒಪ್ಪಲಿಲ್ಲ. ಯಾರಿಗಾದರೂ ಒಂದೂವರೆ ಓಮ್‌ನದು ಬೇಕಿದ್ದರೆ ಹೇಳಿ, ಸುಮ್ನೆ ಕೊಡುತ್ತೇನೆ.

ಹಾಂ, ಇನ್ನೊಂದು. ದಾರಿಯಲ್ಲಿ ಹಾರ್ನ್ ಹೊಡೆದರೆ ಎಡಗಡೆ ಇಂಡಿಕೇಟರ್ ಹತ್ತುತ್ತಿದೆ. ಇದಕ್ಕೆ ಹೊಸ ಚರ್ಚೆ ಶುರು ಮಾಡಲಾ, ಇಲ್ಲೇ ಕೇಳಲಾ?

ಪಾನಾಪಕ್ಕಡ್ · ಭಾನುವಾರ, ಸಂಜೆ 7:20

ಹೊಸದು ಶುರು ಮಾಡಿ. ಅಲ್ಲಿಯವರೆಗೆ ಹಾರ್ನೂ ಕೊಳ್ಳಬೇಡಿ, ಫ್ಲಾಶರೂ ಕೊಳ್ಳಬೇಡಿ. ಬಲ್ಬ್ ಕಟ್ಟಿದ ವೈರ್ ಇಟ್ಟುಕೊಂಡಿದ್ದೀರಿ ತಾನೇ?